ಮೊದಲು ಯಾರನ್ನು ಎತ್ತಿಕೊಳ್ಳಬೇಕು?

ನನ್ನ ಜೊತೆ ಅಕೌಂಟ್ಸ್‌ನಲ್ಲಿ ಕೆಲಸ ಮಾಡುವ ಹುಡುಗಿಗೆ ಅವಳಿ ಮಕ್ಕಳು ಅಂತ ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗಿದೆ. ಊಟದ ಬಿಡುವಿನಲ್ಲಿ ಡಬ್ಬಿ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತಳು. "ಅಕ್ಕಾ, ಇಬ್ಬರೂ ಒಟ್ಟಿಗೆ ಅತ್ತರೆ ಮೊದಲು ಯಾರನ್ನ ಎತ್ಕೋತಿದ್ರಿ?" ಅಂದಳು.

ಖರ್ಚಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ನಿದ್ದೆಯ ಬಗ್ಗೆ ಕೇಳುತ್ತಾರೆ. ಇದನ್ನು ಯಾರೂ ಕೇಳಿರಲಿಲ್ಲ. ನನಗೆ ಮಾತ್ರ ಮಕ್ಕಳು ಹುಟ್ಟಿದಾಗಿನಿಂದ ದಿನಾ ಎದುರಾಗಿರುವ ಪ್ರಶ್ನೆ ಇದೇ. ಅರ್ಧ ಗಂಟೆಯಲ್ಲಿ ಹೇಳಿ ಮುಗಿಯುವ ವಿಷಯವಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾವಿರುವುದು ಮೈಸೂರಿನಲ್ಲಿ. ನನ್ನ ತವರು ಮಂಡ್ಯ. ನಮ್ಮ ಮನೆಯವರು ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಗೆ ಹೋಗುತ್ತಾರೆ, ಶಿಫ್ಟ್ ಕೆಲಸ. ಅತ್ತೆ ನಮ್ಮ ಜೊತೆಗೇ ಇದ್ದಾರೆ. ಮಕ್ಕಳಿಬ್ಬರೂ ಹೆಣ್ಣು, ಈಗ ಮೂರೂವರೆ ವರ್ಷ. ನಿಜವಾದ ಹೆಸರು ಇಲ್ಲಿ ಬೇಡ. ಮನೆಯಲ್ಲಿ ಕರೆಯುವಂತೆ ಪುಟ್ಟಿ, ಚಿನ್ನಿ ಅಂತಲೇ ಬರೆಯುತ್ತೇನೆ. ಪುಟ್ಟಿ ಒಂದೆರಡು ನಿಮಿಷ ದೊಡ್ಡವಳು.

ಹೊಟ್ಟೆಯಲ್ಲಿದ್ದಾಗ ಇಬ್ಬರಿಗೂ ಒಂದೇ ಮಾಸು (ಪ್ಲಾಸೆಂಟಾ), ನೀರಿನ ಚೀಲ ಮಾತ್ರ ಬೇರೆಬೇರೆ. ಹೀಗಿದ್ದಾಗ ಒಂದು ಮಗುವಿನ ರಕ್ತ ಇನ್ನೊಂದರ ಕಡೆಗೆ ಜಾಸ್ತಿ ಹರಿದುಹೋಗುವ ಅಪಾಯ ಇರುತ್ತದೆ. ಕೊಡುವ ಮಗು ಸೊರಗುತ್ತದೆ, ಪಡೆಯುವ ಮಗುವಿನ ಹೃದಯಕ್ಕೆ ಭಾರ ಬೀಳುತ್ತದೆ. ಅದಕ್ಕೆ 16ನೇ ವಾರದಿಂದ ಎರಡು ವಾರಕ್ಕೊಂದು ಸ್ಕ್ಯಾನ್. ಪ್ರತಿ ಸಲವೂ ಡಾಕ್ಟರು ಇಬ್ಬರ ಸುತ್ತಲಿನ ನೀರು ಅಳೆಯುವರು, ಇಬ್ಬರ ತೂಕ ಅಂದಾಜು ಮಾಡುವರು, ಎಷ್ಟು ವ್ಯತ್ಯಾಸ ಅಂತ ನೋಡುವರು. ನಾನು ಉಸಿರು ಬಿಗಿಹಿಡಿದು ಪರದೆಯನ್ನೇ ನೋಡುತ್ತಿದ್ದೆ. ಇಬ್ಬರನ್ನು ಹೋಲಿಸಿ ನೋಡುವುದು ಹುಟ್ಟುವ ಮೊದಲೇ ಶುರುವಾಗಿತ್ತು. ಅಲ್ಲಿ ಅದು ಬೇಕೇ ಬೇಕಿತ್ತು. ಒಂದೇ ಮಾಸಿನ ಅವಳಿ ಅಂತ ಬರೆದುಕೊಟ್ಟಿದ್ದರೆ ದಯವಿಟ್ಟು ಒಂದು ಸ್ಕ್ಯಾನೂ ತಪ್ಪಿಸಬೇಡಿ.

34 ವಾರಕ್ಕೇ ಸಿಸೇರಿಯನ್ ಆಯಿತು. ಪುಟ್ಟಿ 2 ಕೆಜಿ 100 ಗ್ರಾಂ, ಚಿನ್ನಿ 1 ಕೆಜಿ 600 ಗ್ರಾಂ. ಇಬ್ಬರನ್ನೂ ನವಜಾತ ಶಿಶುಗಳ ಐಸಿಯುಗೆ ಕರೆದುಕೊಂಡು ಹೋದರು. ಪುಟ್ಟಿ ಬೇಗ ಚೇತರಿಸಿಕೊಂಡಳು. ಮನೆಗೆ ಕರೆದುಕೊಂಡು ಹೋಗಿ ಅಂದರು. ಚಿನ್ನಿ ಇನ್ನೂ ಅಲ್ಲೇ ಇರಬೇಕು.

ಮೊದಲು ಯಾರು ಅನ್ನುವ ಪ್ರಶ್ನೆ ನನಗೆ ಮೊದಲ ಸಲ ಎದುರಾದದ್ದು ಆಗ. ಒಂದು ಮಗು ಮನೆಯಲ್ಲಿ, ಒಂದು ಮಗು ಆಸ್ಪತ್ರೆಯಲ್ಲಿ. ಮನೆಯಲ್ಲಿ ನಮ್ಮ ಅಮ್ಮ ಇದ್ದಳು. ನಾನು ಹಿಂಡಿಟ್ಟು ಹೋದ ಹಾಲನ್ನು ಪುಟ್ಟಿಗೆ ಒಳಲೆಯಲ್ಲಿ ತೊಟ್ಟುತೊಟ್ಟಾಗಿ ಕುಡಿಸುತ್ತಿದ್ದಳು. ಅದು ನನಗೆ ಕುಡಿಸಿದ್ದ ಬೆಳ್ಳಿ ಒಳಲೆಯೇ. ನಾನು ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಆಟೋದಲ್ಲಿ ಆಸ್ಪತ್ರೆಗೆ ಹೋಗುತ್ತಿದ್ದೆ. ಅಲ್ಲಿ ಕೂತರೆ ಪುಟ್ಟಿಯ ಚಿಂತೆ, ಮನೆಗೆ ಬಂದರೆ ಚಿನ್ನಿಯ ಚಿಂತೆ. ಎಲ್ಲಿದ್ದರೂ ಇನ್ನೊಂದು ಕಡೆ ಇರಬೇಕಿತ್ತು ಅನ್ನಿಸುತ್ತಿತ್ತು.

ಆಗ ನಮ್ಮನ್ನು ಕಾಪಾಡಿದ್ದು ಕಾಂಗರೂ ಆರೈಕೆ. ಮಗುವಿಗೆ ಬರೀ ಟೋಪಿ, ಡೈಪರ್ ಹಾಕಿ, ತಾಯಿಯ ಬರಿ ಎದೆಯ ಮೇಲೆ ನೆಟ್ಟಗೆ ಮಲಗಿಸಿ ಬಟ್ಟೆ ಸುತ್ತುತ್ತಾರೆ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾದ ಒಂದು ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್ ಸಾಲದೆ ಶುರು ಮಾಡಿದ ಪದ್ಧತಿ ಇದು. ಈಗ ಪ್ರಪಂಚದ ಎಲ್ಲ ಕಡೆ ಇದೆ. ಮೈಯ ಶಾಖ ನಿಲ್ಲುತ್ತದೆ, ಉಸಿರಾಟ ಸಮ ಆಗುತ್ತದೆ, ಹಾಲು ಕುಡಿಯುವುದೂ ಚೆನ್ನಾಗಿ ಆಗುತ್ತದೆ. ನರ್ಸ್ ಒಬ್ಬರು ನಮ್ಮ ಮನೆಯವರನ್ನು ನೋಡಿ, "ಸರ್, ನೀವೂ ಮಾಡಬಹುದು, ಅಮ್ಮನೇ ಆಗಬೇಕು ಅಂತಿಲ್ಲ" ಅಂದರು. ಅವತ್ತಿನಿಂದ ಇವರು ನೈಟ್ ಶಿಫ್ಟ್ ಮುಗಿಸಿ, ಸ್ನಾನ ಮಾಡಿ, ನೇರ ಆಸ್ಪತ್ರೆಗೆ ಹೋಗಿ ಚಿನ್ನಿಯನ್ನು ಎದೆಯ ಮೇಲೆ ಹಾಕಿಕೊಂಡು ಕೂರುತ್ತಿದ್ದರು. ಆ ಹೊತ್ತು ನಾನು ಪುಟ್ಟಿಯ ಜೊತೆ. ಇವತ್ತಿಗೂ ಚಿನ್ನಿಗೆ ಜ್ವರ ಬಂದರೆ ಅಪ್ಪನ ಎದೆಯೇ ಬೇಕು.

ಬಾಣಂತನ ಮಂಡ್ಯದಲ್ಲಿ. ಇಬ್ಬರೂ ಒಂದೇ ಥರ. ನಾವು ಅಲ್ಲಿಗೆ ಹೋದ ದಿನವೇ ಅಮ್ಮ ಪುಟ್ಟಿಗೆ ಕೆಂಪು ಉಡಿದಾರ, ಚಿನ್ನಿಗೆ ಕಪ್ಪು ಉಡಿದಾರ ಕಟ್ಟಿದಳು. ನೋಡುವುದಕ್ಕೆ ಚಿಕ್ಕ ವಿಷಯ, ಆದರೆ ಅದು ಎಷ್ಟು ಉಪಯೋಗಕ್ಕೆ ಬಂತೆಂದು ಹೇಳತೀರದು. ಇಬ್ಬರಿಗೂ ವಿಟಮಿನ್ ಡಿ ಡ್ರಾಪ್ಸ್, ಕಬ್ಬಿಣದ ಡ್ರಾಪ್ಸ್ ಇದ್ದವು. ರಾತ್ರಿ ಮೂರು ಗಂಟೆಯಲ್ಲಿ ಒಬ್ಬಳಿಗೇ ಎರಡು ಸಲ ಬೀಳಬಾರದು, ಇನ್ನೊಬ್ಬಳಿಗೆ ತಪ್ಪಬಾರದು. ಒಂದು ಉದ್ದ ನೋಟ್‌ಬುಕ್ ಇಟ್ಟೆ. ಒಂದು ಪುಟದಲ್ಲಿ ಕೆಂಪು ಪೆನ್ನು, ಎದುರು ಪುಟದಲ್ಲಿ ಕಪ್ಪು ಪೆನ್ನು. ಯಾವಾಗ ಕುಡಿದಳು, ಯಾವ ಎದೆ, ಉಚ್ಚೆ ಎಷ್ಟು ಸಲ, ಡ್ರಾಪ್ಸ್ ಹಾಕಿದ್ದು ಯಾರು. ಡಾಕ್ಟರು ಆ ಪುಸ್ತಕ ನೋಡಿಯೇ ಚಿನ್ನಿಗೆ ಹಾಲು ಸಾಲುತ್ತಿಲ್ಲ ಅಂತ ಗುರುತಿಸಿದರು. ಅವಳಿ ಮಕ್ಕಳಿರುವವರು ಎಷ್ಟೇ ಸುಸ್ತಾಗಿದ್ದರೂ ಇದೊಂದನ್ನು ಬರೆದಿಡಿ. ಆ ತಿಂಗಳುಗಳಲ್ಲಿ ನೆನಪನ್ನು ನಂಬುವಂತಿರುವುದಿಲ್ಲ.

ಡಾಕ್ಟರು ಸಾಂಬ್ರಾಣಿ ಹೊಗೆ ಬೇಡ ಅಂದಿದ್ದರು. ಅಮ್ಮನಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ, ಆದರೂ ಒಂದು ದಿನವೂ ಹಾಕಲಿಲ್ಲ. ತೂಕ ಏರಿದ ಮೇಲೆ ಕಾಲು ಚಾಚಿ ಕೂತು ಇಬ್ಬರಿಗೂ ಎಣ್ಣೆ ಹಚ್ಚಿ ನೀರು ಹಾಕುವಳು. ಒಬ್ಬಳಿಗೆ ಮುಗಿಯುವವರೆಗೆ ಇನ್ನೊಬ್ಬಳು ನನ್ನ ತೊಡೆಯ ಮೇಲೆ. ಹಂಡೆಯ ಬಿಸಿನೀರು, ಕೊಬ್ಬರಿ ಎಣ್ಣೆ, ಕಡಲೆಹಿಟ್ಟಿನ ವಾಸನೆ. ಸ್ನಾನ ಆದ ಕೂಡಲೇ ಇಬ್ಬರೂ ಒಂದೇ ತೊಟ್ಟಿಲಲ್ಲಿ ಒಂದೇ ಕಡೆ ಮುಖ ಮಾಡಿ ನಿದ್ದೆ ಹೋಗುವರು. ಆ ಒಂದು ಗಂಟೆ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದೆವು.

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ.

ಇಬ್ಬರೂ ಒಟ್ಟಿಗೆ ಅತ್ತಾಗ ನಾನು ಒಂದು ಕ್ರಮ ಇಟ್ಟುಕೊಂಡೆ. ಮೊದಲು ನೋವು, ಆಮೇಲೆ ಹಸಿವು, ಆಮೇಲೆ ಒದ್ದೆ, ಕೊನೆಗೆ ಬೇಜಾರು. ಯಾರು ಜೋರಾಗಿ ಕಿರುಚುತ್ತಿದ್ದಾರೆ ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಾಯುವ ಮಗುವಿಗೆ ಅವಳ ಹೆಸರು ಹಿಡಿದು ಹೇಳುತ್ತಿದ್ದೆ. "ಚಿನ್ನಿ, ಅಮ್ಮ ಪುಟ್ಟಿಗೆ ಬಟ್ಟೆ ಹಾಕ್ತಿದಾಳೆ, ಆದ ತಕ್ಷಣ ನೀನೇ." ಎರಡು ತಿಂಗಳ ಮಗುವಿಗೆ ಏನು ಅರ್ಥ ಆಗುತ್ತದೆ ಅಂತ ನಾದಿನಿ ಕೇಳಿದಳು. ಮಾತು ಅರ್ಥ ಆಗದಿರಬಹುದು. ಆದರೆ ಅಮ್ಮನ ದನಿ ತನ್ನ ಕಡೆಗೆ ತಿರುಗಿದೆ ಅನ್ನುವುದು ಗೊತ್ತಾಗುತ್ತದೆ. ಅಳು ನಿಲ್ಲುತ್ತಿರಲಿಲ್ಲ, ಆದರೆ ಅದರ ಬಿರುಸು ಕಮ್ಮಿಯಾಗುತ್ತಿತ್ತು. ಇವತ್ತಿಗೂ ಹಾಗೇ ಹೇಳುತ್ತೇನೆ, ಈಗ ಅವರು ತಿರುಗಿ "ಆಮೇಲೆ ನಾನಾ?" ಅಂತ ಕೇಳಿ ಖಚಿತ ಮಾಡಿಕೊಳ್ಳುತ್ತಾರೆ. ಹೇಳಿದ ಮೇಲೆ ಮಾತು ಉಳಿಸಿಕೊಳ್ಳಲೇಬೇಕು. ನಡುವೆ ಫೋನ್ ಬಂದರೂ ಎತ್ತುವುದಿಲ್ಲ.

ಇದಕ್ಕಿಂತ ಕಷ್ಟದ್ದು ಅಳದ ಮಗುವಿನ ವಿಷಯ. ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ ಅಂತ ನಮ್ಮಲ್ಲಿ ಗಾದೆಯೇ ಇದೆ. ಅವಳಿ ಮಕ್ಕಳ ಮನೆಯಲ್ಲಿ ಆ ಗಾದೆಯ ಪ್ರಕಾರ ನಡೆದರೆ ಒಬ್ಬರಿಗೆ ಅನ್ಯಾಯ ಖಂಡಿತ. ಪುಟ್ಟಿ ಹುಟ್ಟಿದಾಗಿನಿಂದ ಗಟ್ಟಿ ಗಂಟಲು. ಬೇಕಾದ್ದು ಬೇಕಾದ ಹೊತ್ತಿಗೆ ಬರಲೇಬೇಕು. ಚಿನ್ನಿ ಸುಮ್ನೆ ಫ್ಯಾನ್ ನೋಡಿಕೊಂಡು ಮಲಗಿರುವಳು. ಬಂದವರೆಲ್ಲ "ಇವಳು ಪಾಪ, ತೊಂದರೆನೇ ಕೊಡಲ್ಲ" ಅಂತ ಹೊಗಳುತ್ತಿದ್ದರು. ನನಗೆ ಆ ಹೊಗಳಿಕೆ ಕೇಳಿದರೆ ಹೆದರಿಕೆ ಆಗುತ್ತಿತ್ತು. ತೊಂದರೆ ಕೊಡದ ಮಗುವನ್ನು ಎತ್ತಿಕೊಳ್ಳುವುದಕ್ಕೆ ಯಾರಿಗೂ ಕಾರಣ ಸಿಗುವುದಿಲ್ಲ. ಹಾಗಾಗಿ ದಿನದಲ್ಲಿ ಕೆಲವು ಸಲ ಚಿನ್ನಿ ಕೇಳದೆಯೇ ಅವಳನ್ನು ಎತ್ತಿಕೊಳ್ಳುವುದು ಅಂತ ನಾನೂ ಇವರೂ ಮಾತಾಡಿಕೊಂಡೆವು. ಕೆಲಸ ಇಲ್ಲದಿದ್ದರೂ, ಸುಮ್ನೆ, ಕಿಟಕಿಯವರೆಗೆ ಹೋಗಿ ಬರುವುದಕ್ಕೆ. ಅತ್ತೆಗೆ ಮೊದಲು ಇದು ವಿಚಿತ್ರ ಅನ್ನಿಸಿತು. ಈಗ ಎಲ್ಲರಿಗಿಂತ ಜಾಸ್ತಿ ಹಾಗೆ ಮಾಡುವವರು ಅವರೇ.

ರಜೆಯ ವಿಷಯವನ್ನು ಅವಳಿ ಹೊತ್ತಿರುವವರು ಮೊದಲೇ ತಿಳಿದುಕೊಂಡಿರಬೇಕು. 2017ರ ತಿದ್ದುಪಡಿ ಆದ ಮೇಲೆ ಹೆರಿಗೆ ರಜೆ 12 ವಾರದಿಂದ 26 ವಾರ ಆಗಿದೆ. ಅವಳಿ ಆದರೂ ಅಷ್ಟೇ, ಒಂದು ವಾರವೂ ಹೆಚ್ಚಿಲ್ಲ. ಇಬ್ಬರು ಮಕ್ಕಳು ಈಗಾಗಲೇ ಇದ್ದರೆ ಮುಂದಿನ ಹೆರಿಗೆಗೆ 12 ವಾರ ಮಾತ್ರ. ಅಂದರೆ ಮೊದಲ ಹೆರಿಗೆಯಲ್ಲೇ ಅವಳಿ ಆದವರಿಗೆ 26 ವಾರದ ಅವಕಾಶ ಅಲ್ಲಿಗೇ ಮುಗಿಯಿತು. ನನಗೆ ಇದು ಸರಿ ಅನ್ನಿಸುವುದಿಲ್ಲ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಐಸಿಯುನಲ್ಲೇ ವಾರಗಳು ಹೋಗುತ್ತವೆ, ತಾಯಿಗೆ ಅದು ರಜೆ ಅಂತಲೇ ಲೆಕ್ಕ. ಆದರೆ ಅವಧಿಗೆ ಮುಂಚೆ ಹೆರಿಗೆ ಆಗಿ ಅದರಿಂದ ತಾಯಿಯ ಆರೋಗ್ಯ ಕೆಟ್ಟಿದ್ದರೆ, ವೈದ್ಯರ ಪತ್ರ ಕೊಟ್ಟು ಇನ್ನೂ ಒಂದು ತಿಂಗಳವರೆಗೆ ಸಂಬಳದ ರಜೆ ಪಡೆಯುವ ಅವಕಾಶ ಕಾನೂನಿನಲ್ಲಿದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಕೇಳಿ ತೆಗೆದುಕೊಳ್ಳಿ.

ಕೆಲಸಕ್ಕೆ ವಾಪಸ್ ಹೋಗುವ ಹೊತ್ತಿಗೆ ನಾನು ತುಂಬ ಕುಸಿದಿದ್ದೆ. ಕಾರಣವೇ ಇಲ್ಲದೆ ಅಳು ಬರುವುದು. ಮಕ್ಕಳು ಮಲಗಿದರೂ ನನಗೆ ನಿದ್ದೆ ಬಾರದು. ಇಬ್ಬರಿಗೂ ಸಾಲದ ತಾಯಿ ನಾನು ಅನ್ನುವ ಒಂದೇ ಯೋಚನೆ. ಇವರು ಅದನ್ನು ಗಮನಿಸಿ ಟೆಲಿ ಮಾನಸ್ ನಂಬರ್ ತಂದುಕೊಟ್ಟರು. 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ, ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಮಾಡಬಹುದು. ನಾನು ರಾತ್ರಿ ಅಡುಗೆಮನೆಯಲ್ಲಿ ನಿಂತು ಮಾಡಿದೆ. ಅತ್ತ ಕಡೆಯವರು ಅವಸರ ಮಾಡದೆ ಎಲ್ಲ ಕೇಳಿಸಿಕೊಂಡು, ಡಾಕ್ಟರನ್ನು ನೋಡಿ ಅಂದರು. ನೋಡಿದೆ. ಸರಿಹೋಗಲು ಸಮಯ ಹಿಡಿಯಿತು, ಆದರೆ ಸರಿಹೋಯಿತು. ಇದನ್ನು ಇಲ್ಲಿ ಬರೆಯಲೇಬೇಕು ಅನ್ನಿಸಿತು. ಅವಳಿ ಮಕ್ಕಳ ಫೋಟೋ ನೋಡಿ ಎಲ್ಲರೂ ಅದೃಷ್ಟವಂತೆ ಅನ್ನುತ್ತಾರೆ. ಅದು ನಿಜ. ಅದೇ ಹೊತ್ತಿಗೆ ಆ ತಾಯಿಗೆ ಸಹಾಯ ಬೇಕಿರುವುದೂ ನಿಜ.

ಚುಚ್ಚುಮದ್ದಿನ ಬಗ್ಗೆ ಒಂದೇ ಮಾತು. 6, 10, 14 ವಾರದ ಚುಚ್ಚುಮದ್ದುಗಳನ್ನು ಹುಟ್ಟಿದ ದಿನದಿಂದಲೇ ಲೆಕ್ಕ ಹಾಕಿ ಕೊಡಿಸಬೇಕು, ಮಗು ಬೇಗ ಹುಟ್ಟಿದ್ದರೂ ಅಷ್ಟೇ. ಆದರೆ ಬೋರಲು ಬೀಳುವುದು, ಕೂರುವುದು, ನಡೆಯುವುದಕ್ಕೆ ಬೇರೆ ಲೆಕ್ಕ. ಎಷ್ಟು ವಾರ ಮುಂಚೆ ಹುಟ್ಟಿದೆಯೋ ಅಷ್ಟನ್ನು ಕಳೆದು ನೋಡಬೇಕು. ನಮ್ಮ ಮಕ್ಕಳಿಗೆ 6 ವಾರ ಕಳೆಯಬೇಕಿತ್ತು. ಇದನ್ನು ನೆಂಟರಿಗೆ ವಿವರಿಸಿ ವಿವರಿಸಿ ನನ್ನ ಬಾಯಿ ಒಣಗಿದೆ.

ನೆಂಟರ ಹೋಲಿಕೆ ಅಂದರೆ ಹೇಳಿ ಪ್ರಯೋಜನ ಇಲ್ಲ. ಯಾರು ಬೆಳ್ಳಗಿದ್ದಾರೆ, ಯಾರು ದಪ್ಪ, ಯಾರು ಚೂಟಿ. ಒಬ್ಬಳು ಬೋರಲು ಬಿದ್ದರೆ ಎಲ್ಲರ ಕಣ್ಣೂ ಇನ್ನೊಬ್ಬಳ ಮೇಲೆ. ಪುಟ್ಟಿ ಮೊದಲು ಬೋರಲು ಬಿದ್ದ ದಿನ ಅತ್ತೆ ಹೆಸರುಬೇಳೆ ಪಾಯಸ ಮಾಡಿ ಅಕ್ಕಪಕ್ಕದ ಮನೆಗೆಲ್ಲ ಕೊಟ್ಟರು. ಚಿನ್ನಿ ಬೋರಲು ಬೀಳುವುದಕ್ಕೆ ಇನ್ನೂ ಒಂದು ತಿಂಗಳ ಮೇಲೆ ಹಿಡಿಯಿತು. ಅವತ್ತು ನಾನು ಆಫೀಸಿನಲ್ಲಿದ್ದೆ. ಸಾಯಂಕಾಲ ಬಂದರೆ ಮನೆ ತುಂಬ ಏಲಕ್ಕಿ, ತುಪ್ಪದ ಘಮ. ಅತ್ತೆ ಮತ್ತೆ ಅಷ್ಟೇ ದೊಡ್ಡ ಪಾತ್ರೆಯಲ್ಲಿ ಪಾಯಸ ಮಾಡಿ ಅದೇ ಮನೆಗಳಿಗೆಲ್ಲ ಕೊಟ್ಟು ಬಂದಿದ್ದರು. "ಮೊನ್ನೆ ತಾನೇ ಕೊಟ್ಟಿದ್ರಲ್ಲ" ಅಂತ ಯಾರೋ ಕೇಳಿದರಂತೆ. "ಅದು ಪುಟ್ಟೀದು, ಇದು ಚಿನ್ನೀದು" ಅಂದರಂತೆ. ನಾನು ಅವತ್ತು ಅತ್ತೆಯ ಕೈ ಹಿಡಿದುಕೊಂಡೆ. ನಮ್ಮಿಬ್ಬರ ಮಧ್ಯೆ ಅಂಥ ಮುಟ್ಟಿ ಮಾತಾಡಿಸುವ ಅಭ್ಯಾಸ ಏನೂ ಇರಲಿಲ್ಲ.

ಎರಡು ವರ್ಷ ದಾಟಿದರೂ ಇಬ್ಬರಿಗೂ ಮಾತು ಕಮ್ಮಿ. ಅಮ್ಮ, ಅಪ್ಪ, ಜೀಜಿ, ನೀರು, ಇನ್ನು ಕೆಲವು. ಆದರೆ ತಮ್ಮತಮ್ಮಲ್ಲಿ ಇಡೀ ದಿನ ಮಾತು. ಒಬ್ಬಳು ನಮಗೆ ಗೊತ್ತಿಲ್ಲದ ಏನೋ ಒಂದು ಅಂದರೆ ಇನ್ನೊಬ್ಬಳು ಎದ್ದು ಹೋಗಿ ಚೆಂಡು ತರುವಳು. ನೋಡುವುದಕ್ಕೆ ತುಂಬ ಮುದ್ದು. ಜೊತೆಗೆ ಭಯ. ಮೈಸೂರಿನಲ್ಲಿರುವುದರ ಪುಣ್ಯ, ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1960ರ ದಶಕದಿಂದ ಇರುವ ಸಂಸ್ಥೆ, ಊರಿನವರೆಲ್ಲ ಆಯಿಷ್ ಅನ್ನುತ್ತೇವೆ. ದೂರದ ಊರುಗಳಿಂದ ಮಕ್ಕಳನ್ನು ಕರೆದುಕೊಂಡು ಬಂದವರು ಅಲ್ಲಿ ಕಾದು ಕೂತಿರುತ್ತಾರೆ. ಮೊದಲು ಇಬ್ಬರ ಕಿವಿ ಪರೀಕ್ಷೆ ಮಾಡಿದರು. ಐಸಿಯುನಲ್ಲಿದ್ದ ಮಕ್ಕಳಿಗೆ ಅದು ಮುಖ್ಯ. ಕಿವಿ ಚೆನ್ನಾಗಿತ್ತು. ಆಮೇಲೆ ಮಾತಿನ ತಜ್ಞೆ ಇಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿಕೊಂಡು ಆಡಿಸಿದರು.

ಅವಳಿಗಳಲ್ಲಿ ಮಾತು ಸ್ವಲ್ಪ ತಡ ಆಗುವುದು ಸಾಮಾನ್ಯ ಅಂದರು. ಬೇಗ ಹುಟ್ಟಿರುವುದು ಒಂದು ಕಾರಣ. ಇನ್ನೊಂದು, ದೊಡ್ಡವರು ಯಾವಾಗಲೂ ಇಬ್ಬರಿಗೂ ಸೇರಿಸಿಯೇ ಮಾತಾಡುತ್ತಾರೆ. "ಬನ್ನಿ, ಊಟ ಮಾಡಿ, ಮಲಗಿ." ಒಬ್ಬಳ ಕಣ್ಣು ನೋಡಿ, ಅವಳು ಹೇಳುವುದಕ್ಕೆ ಕಾದು ಆಡುವ ಮಾತು ಇಬ್ಬರಿಗೂ ಕಮ್ಮಿ ಸಿಗುತ್ತದೆ. ಒಬ್ಬರ ಅರೆಬರೆ ಉಚ್ಚಾರಣೆಯನ್ನು ಇನ್ನೊಬ್ಬರು ಕಲಿಯುತ್ತಾರೆ. ದಿನಾ ಒಂದಿಷ್ಟು ಹೊತ್ತು ಒಬ್ಬೊಬ್ಬಳ ಜೊತೆ ಬೇರೆ ಕೂತು ಮಾತಾಡಿ, ಒಬ್ಬಳನ್ನು ಕೇಳಿದ್ದಕ್ಕೆ ಇನ್ನೊಬ್ಬಳು ಉತ್ತರ ಕೊಡಲು ಬಿಡಬೇಡಿ ಅಂದರು.

ಒಬ್ಬಳ ಜೊತೆ ಕೂರುವುದು ನಮ್ಮ ಮನೆಯಲ್ಲಿ ಸುಲಭವಲ್ಲ. ಒಂದು ಮಗು ಇದ್ದರೆ ಸ್ಕೂಟರಿನಲ್ಲಿ ಮುಂದೆ ನಿಲ್ಲಿಸಿಕೊಂಡು ಹೋಗುತ್ತಾರೆ. ಇಬ್ಬರು ಹುಟ್ಟಿದ ಮೇಲೆ ನಮ್ಮ ಸ್ಕೂಟರ್ ಮೂಲೆ ಸೇರಿತ್ತು. ಅದನ್ನು ಮತ್ತೆ ಸರ್ವೀಸ್ ಮಾಡಿಸಿದೆವು. ಇವರು ಒಬ್ಬಳನ್ನು ಕೂರಿಸಿಕೊಂಡು ಕುಕ್ಕರಹಳ್ಳಿ ಕೆರೆಗೆ ಹೋಗುವರು. ಇನ್ನೊಬ್ಬಳು ನನ್ನ ಜೊತೆ ಅಡುಗೆಮನೆಯಲ್ಲಿ. ಮಾರನೆಯ ದಿನ ಅದಲುಬದಲು. ಅದು ಅವರೆಕಾಯಿ ಕಾಲ. ಪುಟ್ಟಿ ನನ್ನೆದುರು ಕೂತು ಒಂದೊಂದೇ ಕಾಯಿ ಬಿಡಿಸಿ, ಹುಳ ಕಂಡರೆ ನನ್ನ ಮುಖ ನೋಡುವಳು. ನಾನು "ಏನದು?" ಅಂತ ಕೇಳಿ ಸುಮ್ಮನೆ ಕಾಯುವುದು. ಚಿನ್ನಿ ಕೆರೆಯಿಂದ ಒಂದು ದಿನ ಓಡಿ ಬಂದು, ಚಪ್ಪಲಿ ಕೂಡ ಬಿಡದೆ, "ಅಮ್ಮಾ, ದೊಡ್ಡ ಹಕ್ಕಿ ಮೀನು ನುಂಗ್ತು" ಅಂದಳು. ಕುಕ್ಕರಹಳ್ಳಿಯಲ್ಲಿ ಹೆಜ್ಜಾರ್ಲೆಗಳಿವೆ, ಅವುಗಳಲ್ಲೇ ಒಂದಿರಬೇಕು. ನಾವು ಕೇಳಿದ ಅವಳ ಮೊದಲ ಪೂರ್ತಿ ವಾಕ್ಯ ಅದು. ಮನೆಯಲ್ಲಿ ಮಾತೇ ಆಡದ ಚಿನ್ನಿ ಕೆರೆಯ ದಂಡೆಯಲ್ಲಿ ಅಪ್ಪನನ್ನು ಮಾತಿನಲ್ಲಿ ಮುಳುಗಿಸುತ್ತಾಳೆ ಅಂತ ಗೊತ್ತಾಯಿತು. ಒಬ್ಬಳೇ ಇದ್ದಾಗ ಪುಟ್ಟಿ ಬಹಳ ಮೆದು, ತೊಡೆ ಬಿಟ್ಟು ಇಳಿಯುವುದಿಲ್ಲ. ಇಬ್ಬರನ್ನೂ ಅಷ್ಟು ದಿನದಿಂದ ನೋಡಿದ್ದರೂ ಈ ಇಬ್ಬರು ಹುಡುಗಿಯರು ನಮಗೆ ಹೊಸಬರು.

ಒಟ್ಟಿಗಿರುವಾಗಿನ ಸಂತೋಷ ಇನ್ನೊಂದು ಥರ. ಇಬ್ಬರೂ ಗಟ್ಟಿಯಾಗಿ ನಕ್ಕಿದ್ದು ಮೊದಲು ಒಬ್ಬರನ್ನೊಬ್ಬರು ನೋಡಿ. ಒಬ್ಬಳ ಬಾಯಿಗೆ ರಾಗಿ ಸರಿ ಹಿಡಿದರೆ ಇನ್ನೊಬ್ಬಳ ಬಾಯಿ ತಾನಾಗಿ ತೆರೆಯುತ್ತಿತ್ತು. ಮಂಡ್ಯಕ್ಕೆ ಬಸ್ಸಿನಲ್ಲಿ ಹೋದರೆ ಇಬ್ಬರಿಗೂ ಕಿಟಕಿ ಬೇಕು ಅಂತ ಶ್ರೀರಂಗಪಟ್ಟಣದವರೆಗೆ ಜಗಳ. ಕಾವೇರಿಯ ಸೇತುವೆ ಬಂದ ಕೂಡಲೇ ಜಗಳ ಮರೆತು ಇಬ್ಬರೂ ಒಂದೇ ಕಿಟಕಿಗೆ ಮೂಗು ಒತ್ತುತ್ತಾರೆ. ರಾತ್ರಿ ದೀಪ ಆರಿಸಿದ ಮೇಲೆ ಕತ್ತಲಲ್ಲಿ ಇಬ್ಬರ ಪಿಸುಮಾತು ಶುರು. ಏನು ಅಂತ ಕೇಳಿಸುವುದಿಲ್ಲ. ಇದು ನನಗೆ ಬಾಲ್ಯದಲ್ಲಿ ಸಿಕ್ಕಿರಲಿಲ್ಲ. ನಾನು ಒಬ್ಬಳೇ ಮಗಳು.

ಜೂನ್‌ನಲ್ಲಿ ಇಬ್ಬರೂ ನರ್ಸರಿಗೆ ಸೇರುತ್ತಾರೆ. ಬೇರೆಬೇರೆ ಸೆಕ್ಷನ್‌ಗೆ ಹಾಕಬೇಕಾ ಅಂತ ಬಹಳ ಯೋಚಿಸಿದೆವು. ನರ್ಸರಿಗೆ ಒಂದೇ ಸೆಕ್ಷನ್ ಇದೆ, ಹಾಗಾಗಿ ಈ ವರ್ಷ ಆ ಪ್ರಶ್ನೆ ಇಲ್ಲ. ಮುಂದಿನ ವರ್ಷ ಮಕ್ಕಳನ್ನೇ ಕೇಳೋಣ ಅಂದುಕೊಂಡಿದ್ದೇವೆ. ಮೊನ್ನೆ ಅಡ್ಮಿಷನ್‌ಗೆ ಹೋದಾಗ ಇಬ್ಬರ ನೀಲಿ ಬಾಲ ಆಧಾರ್ ಕಾರ್ಡ್ ಪಕ್ಕಪಕ್ಕ ಇಟ್ಟೆ. ಫೋಟೋದಲ್ಲಿ ವ್ಯತ್ಯಾಸವೇ ಇಲ್ಲ. ಐದು ವರ್ಷದವರೆಗೆ ಬೆರಳಚ್ಚು ತೆಗೆದುಕೊಳ್ಳುವುದಿಲ್ಲ. ಅದು ಬಂದ ಮೇಲೆ ಬೇರೆಬೇರೆ ಇರುತ್ತದೆ, ಒಂದೇ ರೂಪದ ಅವಳಿಗಳಿಗೂ ಬೆರಳಚ್ಚು ಒಂದೇ ಇರುವುದಿಲ್ಲ. ಟೀಚರ್ ಒಂದು ಫೋಟೋ, ಇನ್ನೊಂದು ಫೋಟೋ ನೋಡಿ, "ನಾನು ಹೇಗೆ ಗುರುತು ಹಿಡಿಯಲಿ?" ಅಂದರು.

ಚಿನ್ನಿಗೆ ಬಲಹುಬ್ಬಿನ ತುದಿಯಲ್ಲಿ ಮಚ್ಚೆ ಇದೆ ಅಂತ ತೋರಿಸಿದೆ. ಪುಟ್ಟಿಗೆ ಎರಡು ಜುಟ್ಟು, ಚಿನ್ನಿಗೆ ಒಂದು ಜುಟ್ಟು ಹಾಕಿ ಕಳಿಸುತ್ತೇನೆ ಅಂದೆ. ಇಬ್ಬರನ್ನೂ ಸೇರಿಸಿ "ಟ್ವಿನ್ಸ್, ಬನ್ನಿ" ಅಂತ ಮಾತ್ರ ಕರೆಯಬೇಡಿ ಮೇಡಂ, ಒಬ್ಬೊಬ್ಬಳ ಹೆಸರು ಹೇಳಿ ಕರೆಯಿರಿ, ತಪ್ಪಾದರೂ ಪರವಾಗಿಲ್ಲ, ಅವರೇ ತಿದ್ದುತ್ತಾರೆ ಅಂದೆ. ಟೀಚರ್ ಪುಸ್ತಕ ತೆಗೆದು ಜುಟ್ಟಿನ ವಿಷಯ ಬರೆದುಕೊಂಡರು. ಚಿನ್ನಿ ಸುಮ್ಮನೆ ನಿಂತಿದ್ದಳು, ಪಾಟಿಚೀಲದ ದಾರ ಹಿಡಿದುಕೊಂಡು. ಅವಳು ಕೈ ಎತ್ತದಿದ್ದರೂ ದಿನಕ್ಕೊಂದು ಸಲ ಅವಳನ್ನು ಮಾತಾಡಿಸಿ ಅಂತ ಅದನ್ನೂ ಹೇಳಿ ಬಂದೆ.